ರೇಡಿಯೋ ನಿಯಂತ್ರಿತ ಕಾರನ್ನು ಆರಿಸುವ ಬಗೆ

ಜಾತ್ರೆಯಲ್ಲಿ ಕೊಂಡು ತಂದ ಆಟಿಕೆಯ ಕಾರು ಮೊದಲ ದಿನ ಅಂಗಳದ ತುಂಬ ಓಡಾಡುತ್ತದೆ. ಎರಡನೆಯ ವಾರಕ್ಕೆ ಕಪಾಟಿನ ಮೇಲೇರಿ ಕುಳಿತುಬಿಡುತ್ತದೆ. ಅದರ ಒಡಲಿನಲ್ಲಿ ಬೆರಳ ತುದಿಗಿಂತ ಚಿಕ್ಕದಾದ ಒಂದು ಹಲ್ಲುಚಕ್ರ ಸವೆದಿರುತ್ತದೆ, ಇಲ್ಲವೆ ಒಂದು ತಂತಿ ಕಿತ್ತಿರುತ್ತದೆ. ಆದರೆ ಕಾರನ್ನು ಬಿಚ್ಚಲು ಬಾರದು. ಬಿಚ್ಚಿದರೂ ಅಂತಹದೇ ಹಲ್ಲುಚಕ್ರ ಬೇರೆಲ್ಲಿಯೂ ದೊರೆಯದು. ಅತ್ಯಲ್ಪ ಬೆಲೆಯ ಒಂದು ಭಾಗ ಕೆಟ್ಟುದಕ್ಕಾಗಿ ಇಡೀ ವಸ್ತುವೇ ಕಸಕ್ಕೆ ಹೋಗುತ್ತದೆ.

ಹಿರೇಕೆರೂರಿನಂತಹ ಊರಿನಲ್ಲಿರುವ ವಿದ್ಯಾರ್ಥಿಯೊಬ್ಬನು ಹಬ್ಬದ ಹಣ, ಬಹುಮಾನದ ಹಣಗಳನ್ನು ಕೂಡಿಸಿಟ್ಟುಕೊಂಡು, ಟಾರು ನೆಲದ ಮೇಲೆ ಓಡಿಸತಕ್ಕ ಒಂದು ಒಳ್ಳೆಯ ರೇಡಿಯೋ ಕಾರನ್ನು ಕೊಳ್ಳಬೇಕೆಂದು ಬಯಸಿದನೆಂದು ಭಾವಿಸೋಣ. ಇಂತಹ ಕಾರುಗಳ ಬಿಡಿಭಾಗಗಳನ್ನು ಮಾರುವ ಅಂಗಡಿಗಳು ಬೆಂಗಳೂರಿನಂತಹ ನಗರಗಳಲ್ಲಿವೆ. ಇವನಿಗೆ ಬೇಕಾದುದು ಅಂಚೆಯಲ್ಲಿಯೋ ಕೊರಿಯರಿನಲ್ಲಿಯೋ ಬರಬೇಕು. ಒಮ್ಮೆ ತಪ್ಪಾಗಿ ಆರಿಸಿದರೆ ಕೂಡಿಸಿದ ಹಣವೆಲ್ಲ ಹೋದಂತೆಯೆ. ಆದುದರಿಂದ ಇಂತಹ ಊರಿನವನಿಗೆ ಆಯ್ಕೆಯ ಪ್ರಶ್ನೆ ನಗರದವನಿಗಿಂತ ಹೆಚ್ಚು ಮಹತ್ವದ್ದು. ಜಾಹೀರಾತುಗಳು ವೇಗವನ್ನು ಕೊಂಡಾಡುತ್ತವೆ. ನಾವಾದರೋ ಮೊದಲು ನೋಡಬೇಕಾದುದು ಕಾರನ್ನು ಭಾಗಭಾಗವಾಗಿ ಬಿಚ್ಚಿ, ಕೆಟ್ಟುದೊಂದನ್ನೇ ಬದಲಾಯಿಸಿ, ಮರಳಿ ಜೋಡಿಸಲು ಬರುವುದೋ ಇಲ್ಲವೋ ಎಂಬುದನ್ನು. ಇದು ಏಕೆಂಬುದನ್ನು ತಿಳಿಯಬೇಕಾದರೆ ಕಾರಿನ ಒಳಗೆ ನಡೆಯುವ ವ್ಯಾಪಾರವನ್ನು ಸ್ವಲ್ಪ ಪರೀಕ್ಷಿಸಬೇಕು.

ಅಲೆಯ ಆಣತಿ

ತಂತಿಯಿಲ್ಲದೆ ದೂರದ ವಸ್ತುವನ್ನು ನಡೆಯಿಸುವ ವಿದ್ಯೆ ಹೊಸದೇನಲ್ಲ. ೧೮೯೫ರಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ವಿದ್ಯುತ್ಕಾಂತ ತರಂಗಗಳನ್ನು ಗೋಡೆಯ ಆಚೆಗೆ ಹಾಯಿಸಿ, ಅಲ್ಲಿದ್ದ ಗಂಟೆ ಬಾರಿಸುವಂತೆಯೂ ಮದ್ದು ಸಿಡಿಯುವಂತೆಯೂ ಮಾಡಿ ತೋರಿಸಿದರು. ೧೮೯೮ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ ನ್ಯೂಯಾರ್ಕಿನಲ್ಲಿ ಒಂದು ಪುಟ್ಟ ದೋಣಿಯನ್ನು ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು, ದೂರದಿಂದಲೇ ಅದನ್ನು ನಡೆಯಿಸಿ ತಿರುಗಿಸಿದನು. ಇಟಲಿಯ ಒಂದು ಕಂಪನಿ ೧೯೬೬ರಲ್ಲಿ ರೇಡಿಯೋ ನಿಯಂತ್ರಿತ ಕಾರನ್ನು ಮಾರಾಟಕ್ಕೆ ತಂದಿತು. ೧೯೭೬ರಲ್ಲಿ ಜಪಾನಿನ ತಮಿಯಾ ಕಂಪನಿ ಪೋರ್ಷೆ ಕಾರಿನ ಮಾದರಿಯನ್ನು ಹೊರತಂದ ಮೇಲೆ ಇದು ಸಾಮಾನ್ಯ ಜನರ ಹವ್ಯಾಸವಾಗುವತ್ತ ಸಾಗಿತು.

ಕೈಯಲ್ಲಿ ಹಿಡಿಯುವ ಪೆಟ್ಟಿಗೆಗೆ ಪ್ರೇಷಕವೆಂದೂ, ಕಾರಿನೊಳಗಿರುವ ಪೆಟ್ಟಿಗೆಗೆ ಗ್ರಾಹಕವೆಂದೂ ಹೆಸರು. ಹಿಂದಿನ ಕಾರುಗಳಲ್ಲಿ ಬಹಳಷ್ಟು ೨೭ ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಕೆಲಸಮಾಡುತ್ತಿದ್ದವು. ಬೆಳಕಿನ ವೇಗವಾದ ಸೆಕೆಂಡಿಗೆ ೩೦ ಕೋಟಿ ಮೀಟರನ್ನು ಈ ಕಂಪನಾಂಕದಿಂದ ಭಾಗಿಸಿದರೆ ಅಲೆಯ ಉದ್ದ ಸುಮಾರು ೧೧ ಮೀಟರು ಬರುತ್ತದೆ. ಆಂಟೆನಾ ಚೆನ್ನಾಗಿ ಕೆಲಸಮಾಡಬೇಕಾದರೆ ಅಲೆಯ ನಾಲ್ಕನೆಯ ಒಂದು ಪಾಲಿನಷ್ಟಾದರೂ ಉದ್ದವಿರುವುದು ಒಳ್ಳೆಯದು. ಅಂದರೆ ಇಲ್ಲಿ ಎರಡೂ ಮುಕ್ಕಾಲು ಮೀಟರು! ಆದುದರಿಂದಲೇ ಆ ಕಾಲದ ಪ್ರೇಷಕಗಳಿಂದ ಉದ್ದನೆಯ ಲೋಹದ ಕಡ್ಡಿಯನ್ನು ಎಳೆಯಬೇಕಾಗುತ್ತಿತ್ತು. ಕಾರಿನ ಬೆನ್ನಮೇಲೆ ತಂತಿಯೊಂದು ತೂಗಾಡುತ್ತಿತ್ತು. ಇಂದಿನ ಉತ್ತಮ ಕಾರುಗಳು ೨.೪ ಗಿಗಾಹರ್ಟ್ಸಿನವು. ಇವುಗಳ ಅಲೆಯುದ್ದ ಕೇವಲ ಹನ್ನೆರಡೂವರೆ ಸೆಂಟಿಮೀಟರು. ಮೂರು ಸೆಂಟಿಮೀಟರಿನ ತುಂಡುತಂತಿ ಆಂಟೆನಾ ಆಗಲು ಸಾಕು.

ಇನ್ನೊಂದು ಭೇದವೂ ಉಂಟು. ಹಳೆಯ ಬಗೆಯಲ್ಲಿ ಒಂದೇ ಕಂಪನಾಂಕದ ಎರಡು ಕಾರುಗಳನ್ನು ಒಂದೆಡೆ ಓಡಿಸಿದರೆ, ಒಬ್ಬನ ಆಣತಿಗೆ ಇನ್ನೊಬ್ಬನ ಕಾರು ಓಗೊಡುವ ಸಂಭವವಿತ್ತು. ಹೊಸ ಬಗೆಯಲ್ಲಿ ಪ್ರತಿ ಪ್ರೇಷಕಕ್ಕೂ ತನ್ನದೇ ಗುರುತಿನ ಸಂಖ್ಯೆಯಿದ್ದು, ಗ್ರಾಹಕವು ಆ ಗುರುತಿನ ಆಣತಿಯನ್ನು ಮಾತ್ರ ಸ್ವೀಕರಿಸುತ್ತದೆ. ಕಡಿಮೆ ಶಕ್ತಿಯ ಇಂತಹ ಉಪಕರಣಗಳನ್ನು ೨.೪ ಗಿಗಾಹರ್ಟ್ಸಿನ ಪಟ್ಟಿಯಲ್ಲಿ ಲೈಸೆನ್ಸಿಲ್ಲದೆ ಬಳಸಲು ಭಾರತ ಸರ್ಕಾರ ೨೦೦೫ರಲ್ಲಿ ಅನುಮತಿ ನೀಡಿತು. ಗೆಳೆಯರೊಡನೆ ಕೂಡಿ ಓಡಿಸಬೇಕೆನ್ನುವವರು ೨.೪ ಗಿಗಾಹರ್ಟ್ಸಿನ ಕಾರನ್ನೇ ಆರಿಸತಕ್ಕದ್ದು.

ಆಟಿಕೆಗೂ ಮಾದರಿಗೂ ಇರುವ ಭೇದ

ಹೊರಗಿನಿಂದ ನೋಡಿದರೆ ಆಟಿಕೆಯ ಕಾರಿಗೂ ಹವ್ಯಾಸಿಗಳ ಮಾದರಿ ಕಾರಿಗೂ ಭೇದ ತಿಳಿಯದು. ಕೆಲವೊಮ್ಮೆ ಆಟಿಕೆಯೇ ಹೆಚ್ಚು ಅಂದವಾಗಿರುತ್ತದೆ. ಭೇದವನ್ನು ಕಂಡುಹಿಡಿಯಲು ಸುಲಭವಾದ ಒಂದು ಪರೀಕ್ಷೆಯಿದೆ. ಪ್ರೇಷಕದ ಚುಕ್ಕಾಣಿಯನ್ನು ಸ್ವಲ್ಪವೇ ತಿರುಗಿಸಿ. ಕಾರಿನ ಮುಂದಿನ ಗಾಲಿಗಳೂ ಸ್ವಲ್ಪವೇ ತಿರುಗಿ ಅಲ್ಲಿಯೇ ನಿಂತರೆ ಅದು ಮಾದರಿ ಕಾರು. ಸ್ವಲ್ಪ ತಿರುಗಿಸಿದರೂ ಗಾಲಿಗಳು ಥಟ್ಟನೆ ಪೂರ್ತಿ ಹೊರಳಿದರೆ ಅದು ಆಟಿಕೆ. ಅದಕ್ಕೆ ಎಡ, ಬಲ, ನೇರ ಎಂಬ ಮೂರೇ ಸ್ಥಿತಿಗಳು ಗೊತ್ತು.

ಮೊದಲನೆಯ ಬಗೆಯಲ್ಲಿ ಗಾಲಿಯನ್ನು ತಿರುಗಿಸುವ ಯಂತ್ರಕ್ಕೆ ಸರ್ವೋ ಎನ್ನುತ್ತಾರೆ. ಸಾಮಾನ್ಯವಾಗಿ ಗ್ರಾಹಕವು ಅದಕ್ಕೆ ಸೆಕೆಂಡಿಗೆ ಸುಮಾರು ೫೦ ಸಲ ವಿದ್ಯುತ್ತಿನ ಸಣ್ಣ ಮಿಡಿತಗಳನ್ನು ಕಳುಹಿಸುತ್ತದೆ. ಮಿಡಿತದ ಅವಧಿ ಸೆಕೆಂಡಿನ ಸಾವಿರದಲ್ಲಿ ಒಂದೂವರೆ ಪಾಲಾದರೆ ಗಾಲಿಗಳು ನೇರ. ಅವಧಿ ಒಂದು ಪಾಲಿನತ್ತ ಇಳಿದರೆ ಒಂದು ಕಡೆಗೆ, ಎರಡು ಪಾಲಿನತ್ತ ಏರಿದರೆ ಇನ್ನೊಂದು ಕಡೆಗೆ ವಾಲುತ್ತವೆ. ಸರ್ವೋದೊಳಗೆ ತನ್ನ ಅಚ್ಚು ಈಗ ಎಷ್ಟು ತಿರುಗಿದೆಯೆಂದು ಅಳೆಯುವ ಒಂದು ಸಾಧನವಿದೆ. ಆಣತಿಗೂ ವಾಸ್ತವ ಸ್ಥಿತಿಗೂ ವ್ಯತ್ಯಾಸ ಇರುವವರೆಗೆ ಅದರ ಮೋಟಾರು ತಿರುಗುತ್ತದೆ. ವ್ಯತ್ಯಾಸ ಅಳಿದೊಡನೆ ನಿಲ್ಲುತ್ತದೆ. ಕಾರ್ಖಾನೆಗಳ ಯಂತ್ರಮಾನವರ ಕೈಗಳಲ್ಲಿಯೂ ಇದೇ ತತ್ತ್ವ ಕೆಲಸಮಾಡುತ್ತಿದೆ.

ಮೋಟಾರಿನ ವೇಗವನ್ನು ಅಂಕೆಯಲ್ಲಿಡುವ ವೇಗ ನಿಯಂತ್ರಕವು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುತ್ತದೆ. ಅರ್ಧ ಕಾಲ ಜೋಡಿಸಿದ್ದರೆ ಮೋಟಾರಿಗೆ ಸರಾಸರಿ ಅರ್ಧ ವೋಲ್ಟೇಜು ದೊರೆತಂತಾಗುತ್ತದೆ. ಆಟಿಕೆಯಲ್ಲಿ ಗ್ರಾಹಕ, ವೇಗ ನಿಯಂತ್ರಕ, ಚುಕ್ಕಾಣಿಯ ಅಂಗ ಎಲ್ಲವೂ ಒಂದೇ ಹಲಗೆಯ ಮೇಲೆ ಬೆಸೆದಿರುತ್ತವೆ. ಒಂದು ಕೆಟ್ಟರೆ ಎಲ್ಲವೂ ಹೋದಂತೆ. ಮಾದರಿ ಕಾರಿನಲ್ಲಿ ಇವು ಬೇರೆ ಬೇರೆಯಾಗಿದ್ದು, ತಂತಿಯ ಕೊಂಡಿಯಿಂದ ಕೂಡಿರುತ್ತವೆ. ಅಗ್ಗದ ಕೆಲವು ಮಾದರಿಗಳಲ್ಲಿ ಗ್ರಾಹಕವನ್ನೂ ವೇಗ ನಿಯಂತ್ರಕವನ್ನೂ ಒಂದುಗೂಡಿಸಿರುವುದುಂಟು. ಬೇರೆ ಬೇರೆಯಾಗಿರುವುದು ದೊರೆತರೆ ಸ್ವಲ್ಪ ಹೆಚ್ಚು ಹಣ ತೆತ್ತಾದರೂ ಅದನ್ನೇ ಕೊಳ್ಳುವುದು ಲಾಭ.

ಗೋವಿನಜೋಳದ ಕಾಳು ಮತ್ತು ಕಾರಿನ ಅಳತೆ

ಮಾದರಿ ಕಾರುಗಳನ್ನು ಅವುಗಳ ಪ್ರಮಾಣದಿಂದ ಹೆಸರಿಸುತ್ತಾರೆ. ೪.೪ ಮೀಟರು ಉದ್ದದ ನಿಜವಾದ ಕಾರನ್ನು ಹತ್ತರಲ್ಲೊಂದು ಪ್ರಮಾಣಕ್ಕೆ ಇಳಿಸಿದರೆ ೪೪ ಸೆಂಟಿಮೀಟರು. ಹದಿನೆಂಟರಲ್ಲೊಂದಕ್ಕೆ ಇಳಿಸಿದರೆ ೨೪ ಸೆಂಟಿಮೀಟರು. ಇಪ್ಪತ್ತೆಂಟರಲ್ಲೊಂದಕ್ಕೆ ಇಳಿಸಿದರೆ ೧೬ ಸೆಂಟಿಮೀಟರು. ಚಿಕ್ಕದಕ್ಕೆ ಬೆಲೆ ಕಡಿಮೆ. ಆದುದರಿಂದ ಅದನ್ನೇ ಕೊಳ್ಳೋಣವೆನ್ನಿಸುವುದು ಸಹಜ.

ಆದರೆ ಕಾರು ಚಿಕ್ಕದಾದ ಮಾತ್ರಕ್ಕೆ ರಸ್ತೆಯ ಕಲ್ಲು ಚಿಕ್ಕದಾಗದು. ಸುಗ್ಗಿಯ ಕಾಲದಲ್ಲಿ ಹಾವೇರಿ ಜಿಲ್ಲೆಯ ರಸ್ತೆಗಳ ಅಂಚಿನಲ್ಲಿ ಗೋವಿನಜೋಳವನ್ನು ಒಣಹಾಕಿರುವುದನ್ನು ಎಲ್ಲರೂ ಕಂಡಿದ್ದೇವೆ. ರಾಶಿ ಎತ್ತಿದ ಮೇಲೂ ನಾಲ್ಕು ಕಾಳು ಟಾರಿನ ಮೇಲೆ ಉಳಿಯುತ್ತವೆ. ಒಂದು ಕಾಳಿನ ಗಾತ್ರ ೮ ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಹತ್ತರಲ್ಲೊಂದು ಪ್ರಮಾಣದ ಕಾರಿಗೆ ಅದು ೮ ಸೆಂಟಿಮೀಟರಿನ ಕಲ್ಲು. ಇಪ್ಪತ್ತೆಂಟರಲ್ಲೊಂದು ಪ್ರಮಾಣದ ಕಾರಿಗೆ ೨೨ ಸೆಂಟಿಮೀಟರಿಗೂ ಮೀರಿದ ಬಂಡೆ! ಪಂದ್ಯಕ್ಕೆಂದೇ ಮಾಡಿದ ಕಾರುಗಳ ತಳಕ್ಕೂ ನೆಲಕ್ಕೂ ೫–೬ ಮಿಲಿಮೀಟರು ಮಾತ್ರ ಅಂತರವಿರುತ್ತದೆ. ಒಂದೇ ಕಾಳು ಅವನ್ನು ಮಗುಚಿ ಹಾಕಬಹುದು. ಆದುದರಿಂದ ನಮ್ಮ ಊರುಗಳ ನೆಲಕ್ಕೆ ಹತ್ತರಲ್ಲೊಂದು ಪ್ರಮಾಣದ, ತಳದ ಅಂತರ ಸುಮಾರು ೧೦ ಮಿಲಿಮೀಟರಾದರೂ ಇರುವ, ಇಲ್ಲವೆ ಅಷ್ಟಕ್ಕೆ ಎತ್ತರಿಸಲು ಬರುವ ಕಾರು ಯೋಗ್ಯವಾದುದು. ಇಪ್ಪತ್ತೆಂಟರ ಕಾರನ್ನು ನುಣುಪಾದ ಕೋಣೆಯ ನೆಲದ ಮೇಲೆ ಮಾತ್ರ ಓಡಿಸಬಹುದು.

ಧೂಳಿನ ಮಾತೂ ಇದಕ್ಕೆ ಸೇರಿದ್ದೇ. ಮೋಟಾರಿನ ಬಲವನ್ನು ಗಾಲಿಗಳಿಗೆ ಒಯ್ಯಲು ಕೆಲವು ಕಾರುಗಳಲ್ಲಿ ಹಲ್ಲಿನ ಪಟ್ಟಿ, ಕೆಲವುಗಳಲ್ಲಿ ಉದ್ದನೆಯ ದಂಡ ಇರುತ್ತದೆ. ಪಟ್ಟಿಯು ತೆರೆದ ಕಾರಿನಲ್ಲಿದ್ದರೆ ಮರಳಿನ ಕಣ ಸಿಕ್ಕಿಕೊಂಡು ಅದರ ಹಲ್ಲನ್ನು ಕೀಳುತ್ತದೆ. ದಂಡದ ಕಾರಿನಲ್ಲಿ ಹಲ್ಲುಚಕ್ರಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಡುವುದು ಸುಲಭ. ತಮಿಯಾ ಕಂಪನಿಯು ೨೦೦೩ರಲ್ಲಿ ಹೊರತಂದ ಟಿಟಿ-೦೧ ಮತ್ತು ೨೦೧೩ರಲ್ಲಿ ಹೊರತಂದ ಟಿಟಿ-೦೨ ಈ ಜಾತಿಯವು: ನಾಲ್ಕು ಗಾಲಿಗಳಿಗೂ ಬಲ, ನಡುವೆ ಒಂದು ದಂಡ, ತೊಟ್ಟಿಯಂತಹ ಸರಳವಾದ ಪ್ಲಾಸ್ಟಿಕ್ ಚೌಕಟ್ಟು. ಇದನ್ನು ನಿದರ್ಶನವಾಗಿ ಮಾತ್ರ ಹೇಳುತ್ತಿದ್ದೇವೆ. ಇದೇ ರಚನೆಯ ಬೇರೆ ಕಂಪನಿಯ ಕಾರೂ ಆಗಬಹುದು.

ವೇಗದ ಲೆಕ್ಕ

ಪೆಟ್ಟಿಗೆಯ ಮೇಲೆ ಬರೆದಿರುವ ವೇಗವನ್ನು ನಂಬುವ ಮೊದಲು ನಾವೇ ಲೆಕ್ಕಹಾಕಿ ನೋಡಬಹುದು. ಹತ್ತರಲ್ಲೊಂದರ ಕಾರುಗಳಲ್ಲಿ ಸಾಮಾನ್ಯವಾಗಿ ೫೪೦ ಎಂಬ ಗಾತ್ರದ ಮೋಟಾರು ಇರುತ್ತದೆ. ಭಾರವಿಲ್ಲದೆ ೭.೨ ವೋಲ್ಟಿನಲ್ಲಿ ಇದರ ಸಾಧಾರಣ ಜಾತಿಯದು ನಿಮಿಷಕ್ಕೆ ೧೫,೦೦೦ದ ಆಸುಪಾಸಿನಲ್ಲಿ ಸುತ್ತುತ್ತದೆ. ಮೋಟಾರು ಎಂಟು ಸುತ್ತು ಸುತ್ತಿದಾಗ ಗಾಲಿ ಒಂದು ಸುತ್ತು ಸುತ್ತುವಂತೆ ಹಲ್ಲುಚಕ್ರಗಳಿದ್ದರೆ ಗಾಲಿಯ ಸುತ್ತುಗಳು ನಿಮಿಷಕ್ಕೆ ೧,೮೭೫. ಗಾಲಿಯ ವ್ಯಾಸ ೬.೩ ಸೆಂಟಿಮೀಟರಾದರೆ ಪರಿಧಿ ೧೯.೮ ಸೆಂಟಿಮೀಟರು. ಗುಣಿಸಿದರೆ ನಿಮಿಷಕ್ಕೆ ೩೭೧ ಮೀಟರು, ಅಂದರೆ ಗಂಟೆಗೆ ಸುಮಾರು ೨೨ ಕಿಲೋಮೀಟರು. ನೆಲದ ಮೇಲೆ ಇದು ಇನ್ನೂ ತುಸು ಕಡಿಮೆಯಾಗುತ್ತದೆ. ಈ ಲೆಕ್ಕಕ್ಕೆ ತಾಳೆಯಾಗದ ಭಾರಿ ವೇಗವನ್ನು ಯಾರಾದರೂ ಹೇಳಿದರೆ, ಅದು ಬೇರೆ ಮೋಟಾರಿನ ಮಾತೋ, ಇಲ್ಲವೆ ಕಾರಿನ ಪ್ರಮಾಣದಿಂದ ಗುಣಿಸಿ ಹಿಗ್ಗಿಸಿದ ಸಂಖ್ಯೆಯೋ ಎಂದು ಕೇಳಬೇಕು.

ಈ ವೇಗ ಕಡಿಮೆಯೆಂದು ಕೆಲವರಿಗೆ ತೋರಬಹುದು. ಕಾರಿನ ತೂಕ ಒಂದೂವರೆ ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಗಂಟೆಗೆ ೨೫ ಕಿಲೋಮೀಟರೆಂದರೆ ಸೆಕೆಂಡಿಗೆ ಸುಮಾರು ೭ ಮೀಟರು. ಈ ವೇಗದಲ್ಲಿ ಕಾರು ಗೋಡೆಗೆ ಬಡಿದರೆ, ಎರಡೂವರೆ ಮೀಟರು ಎತ್ತರದಿಂದ ನೆಲಕ್ಕೆ ಬಿದ್ದಷ್ಟೇ ಪೆಟ್ಟು. ವೇಗವನ್ನು ೫೦ ಕಿಲೋಮೀಟರಿಗೆ ಏರಿಸಿದರೆ ಚಲನ ಶಕ್ತಿ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಅದು ಹತ್ತು ಮೀಟರು ಎತ್ತರದಿಂದ, ಅಂದರೆ ಮೂರಂತಸ್ತಿನ ಮಾಳಿಗೆಯಿಂದ ಬಿದ್ದಂತೆ. ಹೊಸದಾಗಿ ಕಲಿಯುವವನು ಗೋಡೆಗೆ ಬಡಿಯದೆ ಇರಲಾರನು. ಕಡಿಮೆ ವೇಗದ ಕಾರು ಅವನ ತಪ್ಪುಗಳನ್ನು ಕ್ಷಮಿಸುತ್ತದೆ.

ಮೋಟಾರಿನಲ್ಲಿ ಎರಡು ಜಾತಿ. ಇಂಗಾಲದ ಬ್ರಷ್ಷುಗಳಿರುವುದು ಒಂದು, ಇಲ್ಲದಿರುವುದು ಇನ್ನೊಂದು. ಎರಡನೆಯದು ಹೆಚ್ಚು ಬಾಳುತ್ತದೆ, ಹೆಚ್ಚು ವೇಗ ಕೊಡುತ್ತದೆ. ಅದಕ್ಕೆ ಬೇಕಾದ ನಿಯಂತ್ರಕಕ್ಕೂ ಬೆಲೆ ಹೆಚ್ಚು. ಮೊದಲನೆಯದು ಅಗ್ಗ, ಬ್ರಷ್ಷು ಸವೆದಾಗ ಇಡೀ ಮೋಟಾರನ್ನು ಬದಲಾಯಿಸಿದರೂ ಹೊರೆಯಾಗದು. ಅಲ್ಲದೆ ಸವೆದ ಮೋಟಾರನ್ನು ಬಿಚ್ಚಿ ನೋಡಿದರೆ ಭೌತಶಾಸ್ತ್ರದ ಪಠ್ಯದಲ್ಲಿ ಚಿತ್ರವಾಗಿ ಕಂಡ ಸುರುಳಿ, ಅಯಸ್ಕಾಂತ, ಬ್ರಷ್ಷುಗಳು ಕೈಗೇ ದೊರೆಯುತ್ತವೆ. ಮೊದಲ ಕಾರಿಗೆ ಇದೇ ಉಚಿತ.

ತಿರುವು ಮತ್ತು ಟಯರು

ಕಾರು ತಿರುಗುವಾಗ ಹೊರಬದಿಯ ಗಾಲಿ ಒಳಬದಿಯದಕ್ಕಿಂತ ಹೆಚ್ಚು ದೂರ ನಡೆಯಬೇಕಾಗುತ್ತದೆ. ಎರಡು ಗಾಲಿಗಳ ನಡುವೆ ೧೬ ಸೆಂಟಿಮೀಟರು ಅಂತರವಿದ್ದರೆ, ಒಂದು ಪೂರ್ಣ ವೃತ್ತಕ್ಕೆ ಈ ವ್ಯತ್ಯಾಸ ಸುಮಾರು ಒಂದು ಮೀಟರು. ವೃತ್ತ ಚಿಕ್ಕದಿರಲಿ ದೊಡ್ಡದಿರಲಿ, ವ್ಯತ್ಯಾಸ ಅಷ್ಟೇ. ಏಕೆಂಬುದನ್ನು ವಿದ್ಯಾರ್ಥಿಗಳು ತಾವೇ ಸಾಧಿಸಿ ನೋಡಲಿ. ಎರಡೂ ಗಾಲಿಗಳು ಒಂದೇ ಅಚ್ಚಿಗೆ ಬಿಗಿದಿದ್ದರೆ ಒಂದು ಗಾಲಿ ನೆಲವನ್ನು ಉಜ್ಜಿಕೊಂಡೇ ಹೋಗಬೇಕು. ಇದನ್ನು ತಪ್ಪಿಸುವ ಹಲ್ಲುಚಕ್ರಗಳ ಕೂಟಕ್ಕೆ ಡಿಫರೆನ್ಶಿಯಲ್ ಎಂದು ಹೆಸರು. ಟ್ರ್ಯಾಕ್ಟರಿನಲ್ಲಿಯೂ ಬಸ್ಸಿನಲ್ಲಿಯೂ ಇರುವುದು ಇದೇ. ಕಾರಿನ ಹಿಂಭಾಗವನ್ನು ಎತ್ತಿ, ಮೋಟಾರು ತಿರುಗದಂತೆ ಹಿಡಿದು, ಒಂದು ಗಾಲಿಯನ್ನು ಕೈಯಿಂದ ತಿರುಗಿಸಿದಾಗ ಇನ್ನೊಂದು ಗಾಲಿ ವಿರುದ್ಧ ದಿಕ್ಕಿಗೆ ತಿರುಗಿದರೆ ಡಿಫರೆನ್ಶಿಯಲ್ ಇದೆಯೆಂದು ತಿಳಿಯಬಹುದು.

ಟಯರನ್ನು ಉಗುರಿನಿಂದ ಒತ್ತಿ ನೋಡಿ. ಟಾರಿಗೆ ಮೆದುವಾದ ರಬ್ಬರೇ ಬೇಕು. ಗಡುಸಾದ ಪ್ಲಾಸ್ಟಿಕ್ಕಿನ ಗಾಲಿ ಜಾರುತ್ತದೆ. ಮೇಲಿನ ಹೊದಿಕೆ ಬಾಗಿದರೆ ಮುರಿಯದ ತೆಳುವಾದ ಪಾಲಿಕಾರ್ಬೊನೇಟಿನದಾಗಿರಲಿ. ಮುಂದಿನ ಗಾಲಿಗೆ ಪೆಟ್ಟು ಬಿದ್ದಾಗ ಸರ್ವೋದ ಹಲ್ಲು ಮುರಿಯದಂತೆ ಕಾಯುವ ಸ್ಪ್ರಿಂಗಿನ ಕೊಂಡಿ ಇದೆಯೆ ಎಂಬುದನ್ನೂ ವಿಚಾರಿಸತಕ್ಕದ್ದು.

ಬ್ಯಾಟರಿಯ ವಿವೇಕ

ಮೊದಲ ಕಾರಿಗೆ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಸುರಕ್ಷಿತವಾದುದು. ೧.೨ ವೋಲ್ಟಿನ ಆರು ಕೋಶಗಳು ಸೇರಿ ೭.೨ ವೋಲ್ಟು. ಅದರ ಸಾಮರ್ಥ್ಯ ೨,೦೦೦ ಮಿಲಿಆಂಪಿಯರ್ ಗಂಟೆಯಿದ್ದು, ಕಾರು ಸರಾಸರಿ ೮ ಆಂಪಿಯರು ಎಳೆದರೆ ಆಟ ಕಾಲು ಗಂಟೆ ನಡೆಯುತ್ತದೆ. ಕಾರಿನೊಡನೆ ಬರುವ ಅಗ್ಗದ ಚಾರ್ಜರು ೨೫೦ ಮಿಲಿಆಂಪಿಯರಿನದಾದರೆ ಮರಳಿ ತುಂಬಲು ಎಂಟು ಗಂಟೆಗೂ ಹೆಚ್ಚು ಬೇಕು. ಕಾಲು ಗಂಟೆಯ ಆಟಕ್ಕೆ ಒಂದು ದಿನದ ಕಾಯುವಿಕೆ! ಆದುದರಿಂದ ಬ್ಯಾಟರಿ ತುಂಬಿದಾಗ ತಾನೇ ನಿಲ್ಲುವ ಒಳ್ಳೆಯ ಚಾರ್ಜರಿಗೂ ಎರಡನೆಯ ಬ್ಯಾಟರಿಗೂ ಮೊದಲೇ ಹಣ ತೆಗೆದಿಡಬೇಕು.

ಲಿಥಿಯಂ ಪಾಲಿಮರ್ ಬ್ಯಾಟರಿ ಹಗುರ ಮತ್ತು ಬಲಶಾಲಿ. ಆದರೆ ಅದರ ಒಂದೊಂದು ಕೋಶವನ್ನೂ ೪.೨ ವೋಲ್ಟಿಗಿಂತ ಮೇಲಕ್ಕೆ ತುಂಬಬಾರದು. ೩ ವೋಲ್ಟಿಗಿಂತ ಕೆಳಗೆ ಇಳಿಸಬಾರದು. ಉಬ್ಬಿದ, ಜಜ್ಜಿದ ಇಲ್ಲವೆ ಅತಿಯಾಗಿ ತುಂಬಿದ ಕೋಶ ಉರಿದೇಳಬಹುದು. ತಕ್ಕ ಚಾರ್ಜರಿಲ್ಲದೆ ಇದರ ಗೊಡವೆಗೆ ಹೋಗತಕ್ಕದ್ದಲ್ಲ. ಯಾವ ಬ್ಯಾಟರಿಯನ್ನೇ ಆಗಲಿ ಹಾಸಿಗೆಯ ಮೇಲೆ, ಮೇವಿನ ಬಣವೆಯ ಬಳಿ, ಇಲ್ಲವೆ ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಹಾಕುವುದು ಅಪಾಯ.

ಹಣದ ಹಂಚಿಕೆ

ಕಾರಿನ ಬೆಲೆಯೇ ಒಟ್ಟು ಬೆಲೆಯೆಂದು ಭಾವಿಸುವುದು ಹೊಸಬರ ದೊಡ್ಡ ತಪ್ಪು. ಹಲವು ಮಾದರಿಗಳು ಬಿಡಿಬಿಡಿಯಾದ ಕಿಟ್ಟಿನ ರೂಪದಲ್ಲಿ ಬರುತ್ತವೆ. ಪ್ರೇಷಕ, ಸರ್ವೋ, ಬ್ಯಾಟರಿ, ಚಾರ್ಜರು, ಹೊದಿಕೆಯ ಬಣ್ಣ ಎಲ್ಲವನ್ನೂ ಪ್ರತ್ಯೇಕವಾಗಿ ಕೊಳ್ಳಬೇಕಾದೀತು. ನಮ್ಮ ಸಲಹೆ ಇಷ್ಟು: ಕೈಯಲ್ಲಿರುವ ಪ್ರತಿ ನೂರು ರೂಪಾಯಿಯಲ್ಲಿ ಎಪ್ಪತ್ತನ್ನು ಮಾತ್ರ ಕಾರಿಗೂ ಅದರ ಅಂಗಗಳಿಗೂ ವೆಚ್ಚಮಾಡಿ. ಹದಿನೈದನ್ನು ಎರಡನೆಯ ಬ್ಯಾಟರಿಗೆ ಇಡಿ. ಉಳಿದ ಹದಿನೈದರಲ್ಲಿ ಮೊದಲು ಮುರಿಯುವ ಭಾಗಗಳನ್ನು, ಅಂದರೆ ಮುಂದಿನ ತೋಳುಗಳು, ಗಾಲಿಯ ಅಚ್ಚು, ಮೋಟಾರಿನ ಹಲ್ಲುಚಕ್ರ ಇವುಗಳನ್ನು ಕಾರಿನೊಡನೆಯೇ ತರಿಸಿಕೊಳ್ಳಿ. ಆಮೇಲೆ ತರಿಸಿದರೆ ಒಂದು ಸಣ್ಣ ಭಾಗಕ್ಕೆ ಅದರ ಬೆಲೆಗಿಂತ ಸಾಗಣೆಯ ಖರ್ಚೇ ಹೆಚ್ಚಾಗುವುದುಂಟು.

ಹೊರದೇಶದ ಪಟ್ಟಿಯ ಬೆಲೆಯನ್ನು ನೋಡಿ ಹಿಗ್ಗುವುದೂ ಸಲ್ಲ. ಆಟಿಕೆಗಳ ಆಮದು ಸುಂಕವನ್ನು ಭಾರತ ಸರ್ಕಾರ ೨೦೨೦ರಲ್ಲಿ ಶೇಕಡಾ ೨೦ರಿಂದ ೬೦ಕ್ಕೂ, ೨೦೨೩ರಲ್ಲಿ ೭೦ಕ್ಕೂ ಏರಿಸಿತು. ಸುಂಕದ ದರ ಬದಲಾಗುತ್ತಿರುವುದರಿಂದ ಕೊಳ್ಳುವ ದಿನ ಇರುವ ದರವನ್ನು ಕೇಳಿ ತಿಳಿಯಬೇಕು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ೨೦೨೧ರ ಜನವರಿ ೧ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ತಮ್ಮ ತಂಗಿಯರಿಗೆ ಆಟಿಕೆ ಕೊಳ್ಳುವಾಗ ಅದನ್ನು ನೋಡಿಯೇ ಕೊಳ್ಳಿ.

ಓಡಿಸುವ ಸ್ಥಳ

ರಸ್ತೆಯ ಕಾರೆಂಬ ಹೆಸರಿದ್ದ ಮಾತ್ರಕ್ಕೆ ಸಾರ್ವಜನಿಕ ರಸ್ತೆಗೆ ಇಳಿಯಬಾರದು. ಟ್ರ್ಯಾಕ್ಟರಿನ ಮೇಲೆ ಕುಳಿತವನಿಗೆ ಅಂಗೈಯೆತ್ತರದ ಕಾರು ಕಾಣಿಸದು. ಕಾರಿನ ಹಿಂದೆ ಓಡುವ ಹುಡುಗನೂ ಕಾಣದಿರಬಹುದು. ಎತ್ತುಗಳು ಬೆದರಿದರೆ ಬಂಡಿಯವನ ಗತಿಯೇನು? ಶಾಲೆಯ ಸಿಮೆಂಟಿನ ಅಂಗಳ, ಅಪ್ಪಣೆ ಪಡೆದ ಕಣ ಇಲ್ಲವೆ ಆಟದ ಅಂಕಣ ಇವು ತಕ್ಕ ಸ್ಥಳಗಳು. ಮೊದಲು ಪೊರಕೆಯಿಂದ ಗುಡಿಸಿ ಕಲ್ಲು ಕಾಳುಗಳನ್ನು ತೆಗೆಯಿರಿ. ಪ್ರಾರಂಭಿಸುವಾಗ ಪ್ರೇಷಕವನ್ನು ಮೊದಲು ಚಾಲೂ ಮಾಡಿ, ಆಮೇಲೆ ಕಾರನ್ನು. ನಿಲ್ಲಿಸುವಾಗ ಮೊದಲು ಕಾರು, ಆಮೇಲೆ ಪ್ರೇಷಕ. ಆಣತಿ ಕೊಡುವವನಿಲ್ಲದ ಕಾರು ಮನಬಂದಂತೆ ಓಡುವ ಸಂಭವ ಇದರಿಂದ ತಪ್ಪುತ್ತದೆ.

ಕೊನೆಗೆ, ಹಣ ಕೊಡುವ ಮೊದಲು ಅಂಗಡಿಯವನನ್ನು ಈ ಒಂದು ಪ್ರಶ್ನೆ ಕೇಳಿರಿ: "ಮುಂದಿನ ಗಾಲಿಯ ತೋಳು ಮುರಿದರೆ ಅದೊಂದೇ ದೊರೆಯುವುದೆ? ಅದರ ಬೆಲೆಯೆಷ್ಟು?" ಇದಕ್ಕೆ ನೇರವಾದ ಉತ್ತರ ಬಂದರೆ ಕಾರನ್ನು ಕೊಳ್ಳಬಹುದು; ಬಾರದಿದ್ದರೆ, ಅದು ಎಷ್ಟೇ ವೇಗವಾಗಿ ಓಡಲಿ, ಕಪಾಟಿನ ದಾರಿಯನ್ನೇ ಹಿಡಿದಿದೆಯೆಂದು ತಿಳಿಯಿರಿ. ತೋಳು ಮುರಿದ ದಿನ ಅದನ್ನು ಬಿಚ್ಚಿ, ಹೊಸದನ್ನು ಕೂಡಿಸಿ, ಸಂಜೆಯೊಳಗೆ ಮತ್ತೆ ಓಡಿಸಿದ ವಿದ್ಯಾರ್ಥಿಗೆ ಕೂಡಿಸಿಟ್ಟ ಹಣದ ಬೆಲೆ ಪೂರ್ತಿ ದೊರೆತಂತಾಯಿತು.